ಆ ಹೆಸರಿನವರು ಇಲ್ಲಿಲ್ಲ

ನನ್ನ ಗಂಡ ಬಾಪುಸಾಹೇಬರಿಗೆ ಯಾವುದಕ್ಕೂ ಕಾಯುವ ಅಭ್ಯಾಸವಿಲ್ಲ. ರೊಟ್ಟಿ ಇನ್ನೂ ಹಂಚಿನ ಮೇಲಿರುವಾಗಲೇ ತಾಟು ಬಡಿಯುತ್ತಾರೆ. ಮದುವೆಗೆ ಹೋದರೆ ಅಕ್ಷತೆ ಬೀಳುವ ಮೊದಲೇ ಚಪ್ಪಲಿ ಹುಡುಕುತ್ತಾರೆ. ನಿಪ್ಪಾಣಿಯ ತಂಬಾಕು ಪೇಟೆಯಲ್ಲಿ ಅವಸರ ಮಾಡಿಯೇ ಗಳಿಸಿದ್ದಾರೆ, ಒಪ್ಪುತ್ತೇನೆ. ಅವಸರ ಮಾಡಿ ಕಳೆದುಕೊಂಡದ್ದನ್ನು ಮಾತ್ರ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ.

ತೊಂಬತ್ತೆರಡರ ಬೇಸಿಗೆಯಲ್ಲಿ ಆ ಅವಸರ ನನ್ನ ಗಂಟಿನ ಮೇಲೆ ಬಂದು ಬಿತ್ತು.

ಗಂಟು ಎಂದರೆ, ಐಗಳಿಯಲ್ಲಿದ್ದ ನನ್ನ ಅಪ್ಪ ಜಿನ್ನಪ್ಪ, ನನ್ನ ಮದುವೆಗೆ ಮುಂಚೆಯೇ ನಿಪ್ಪಾಣಿಯ ಒಂದು ಕಂಪನಿಯಲ್ಲಿ ನನಗಾಗಿ ಇಟ್ಟಿದ್ದ ಠೇವಣಿ. ಅಪ್ಪ ಇರುವವರೆಗೆ ಅದರ ಕಾಗದಪತ್ರವೆಲ್ಲ ಐಗಳಿಗೇ ಹೋಗುತ್ತಿತ್ತು. ಅವನು ತೀರಿಕೊಂಡ ಮೇಲೆ ನನ್ನ ತಮ್ಮ ತವನಪ್ಪ ಕಂಪನಿಗೆ ಹೋಗಿ ನಮ್ಮ ಮನೆಯ ವಿಳಾಸ ಬರೆಸಿ ಬಂದಿದ್ದ. ಠೇವಣಿ ಆ ವರ್ಷ ಮುಗಿಯುವುದಿತ್ತು. ಅದೇ ಹೊತ್ತಿಗೆ ತವನಪ್ಪ ಬಾವಿಯ ಪಕ್ಕದ ದ್ರಾಕ್ಷಿ ಹೊಲದ ಪಟ್ಟಿಯನ್ನು ಮಾರಲು ಹೊರಟಿದ್ದ. ಅಪ್ಪ ತನ್ನ ಕೈಯಾರೆ ಹಚ್ಚಿದ ಬಳ್ಳಿಗಳು ಅವು.

"ಅಥಣಿಯವ್ರು ಕೇಳಾಕತ್ತಾರ, ಅಕ್ಕಾ. ನೀ ತಗೋತಿ ಅಂದ್ರ ನಾ ತಡೀತೀನಿ" ಎಂದಿದ್ದ.

ನನಗೆ ಆ ಪಟ್ಟಿ ಬೇಕಿತ್ತು. ಏಕೆ ಎಂದು ಯಾರಾದರೂ ಕೇಳಿದರೆ ನೆಟ್ಟಗೆ ಹೇಳಲು ಬರುತ್ತಿರಲಿಲ್ಲ. ಬೇಕಿತ್ತು, ಅಷ್ಟೇ. ಬಾಪುಸಾಹೇಬರಿಗೋ ಅದೇ ಹಣದಲ್ಲಿ ತಂಬಾಕಿನ ಗೋದಾಮು ದೊಡ್ಡದು ಮಾಡುವ ಆಸೆ.

ಮೇ ತಿಂಗಳಲ್ಲಿ ತೆರಿಗೆ ನೋಡುವ ಸತ್ಯಪ್ಪ ವಕೀಲರು ಮನೆಗೆ ಬಂದರು. ನನ್ನನ್ನು ಅತ್ತಿಗೆಯಂತೆ ವೈನಿ ಎನ್ನುವವರು. ನಾನು ಚಹಾ ಇಟ್ಟು ಅಲ್ಲೇ ಬಾಗಿಲ ಬಳಿ ನಿಂತೆ.

"ಇಕೀ ಠೇವಣಿ ಬಡ್ಡೀನೂ ನನ್ನ ರಿಟರ್ನದಾಗ ಬರದ ಒಗೀರಿ. ನಾಳೆ ಕೊಟ್ಟ ಬರ್ತೀನಿ" ಎಂದರು ನಮ್ಮವರು.

"ಸಾಹುಕಾರ್ರ, ಇನ್ನೂ ಟೈಮ್ ಐತಿ. ಠೇವಣಿ ವೈನಿಯವರದು. ಬಡ್ಡಿಯೊಳಗ ಈ ಸಲ ಕಂಪನಿಯವ್ರು ತೆರಿಗಿ ಹಿಡದಾರ. ಹಿಡದದ್ದಕ್ಕ ಒಂದು ಸರ್ಟಿಫಿಕೇಟು ಕಳಸ್ತಾರ. ಅದು ಬರ್ಲಿ. ವೈನಿಯವರಿಗೆ ಬ್ಯಾರೆ ರಿಟರ್ನ್ ತುಂಬೂಣು. ಅವರಿಗೆ ಬ್ಯಾರೆ ಗಳಿಕಿ ಇಲ್ಲ, ಹಿಡದ ರೊಕ್ಕಾ ತಿರುಗಿ ಬರ್ತೈತಿ."

"ಹೆಂಡತೀದು ಅಂದ್ರ ನಂದಽ ಅಲ್ಲೇನ್ರಿ?"

"ಮನ್ಯಾಗ ಹೌದ್ರಿ. ಕಾಗದದಾಗ ಅಲ್ಲ. ಇವತ್ತ ನಿಮ್ಮ ರಿಟರ್ನದಾಗ ಬರದ್ರ, ನಾಳೆ ಠೇವಣೀನೂ ನಿಮ್ಮದಽ ಅಂತ ಆಗ್ತೈತಿ."

ನಮ್ಮವರ ಮುಖ ಅರಳಿತು. ಸರ್ಕಾರ ತೆರಿಗೆ ಹಿಡಿಯುವುದೇಕೆ, ಹಿಡಿದದ್ದನ್ನು ಮರಳಿ ಕೊಡುವುದೇಕೆ, ಕೊಡುವುದೇ ಆದರೆ ಹಿಡಿದದ್ದೇಕೆ, ಇದೊಂದೂ ನನ್ನ ತಲೆಗೆ ಹೋಗಿರಲಿಲ್ಲ. ಆದರೆ ಅಪ್ಪನ ಬಳ್ಳಿ ಕೈತಪ್ಪುತ್ತಿದೆ ಎನ್ನುವುದು ಮಾತ್ರ ಚೆನ್ನಾಗಿ ತಿಳಿಯಿತು.

"ಸರ್ಟಿಫಿಕೇಟು ಬರೂತನಕ ನಾ ತಡೀತೀನ್ರಿ" ಎಂದುಬಿಟ್ಟೆ.

ಬಾಪುಸಾಹೇಬರು ನಕ್ಕರು. "ಬುಡಾ ಗೊತ್ತಿಲ್ಲ, ತುದಿ ಗೊತ್ತಿಲ್ಲ. ಏನಕ್ಕ ತಡೀತಿ ನೀ?"

ವಕೀಲರ ಮುಂದೆ ಹೆಂಡತಿಯೊಂದಿಗೆ ಜಗಳ ಬೇಡವೆಂದೋ ಏನೋ, ರಿಟರ್ನಿನ ಮಾತನ್ನು ಆ ದಿನಕ್ಕೆ ಅಲ್ಲಿಗೇ ಬಿಟ್ಟರು.

ಅಲ್ಲಿಂದ ನನ್ನ ಕಾಯುವಿಕೆ ಶುರುವಾಯಿತು. ಪೋಸ್ಟಿನವನ ಸೈಕಲ್ ಗಂಟೆ ಕೇಳಿದರೆ ಒಲೆಯ ಮೇಲಿನದನ್ನು ಬಿಟ್ಟು ಓಡುತ್ತಿದ್ದೆ. ತಂಬಾಕಿನ ದರದ ಕಾರ್ಡು ಬಂತು, ಲಗ್ನಪತ್ರಿಕೆ ಬಂತು, ಯಾರದೋ ಮನೆಯ ಕರೆಂಟಿನ ಬಿಲ್ಲು ಕೂಡ ನಮ್ಮ ಮನೆಗೇ ಬಂತು. ನನ್ನದು ಮಾತ್ರ ಬರಲಿಲ್ಲ. ಒಂದು ದಿನ ಕಂಪನಿಯವರೇ ಮರೆತಿದ್ದಾರೆ ಎನ್ನಿಸುತ್ತಿತ್ತು, ಮರುದಿನ ತವನಪ್ಪ ವಿಳಾಸ ತಪ್ಪು ಬರೆಸಿದ್ದಾನೆ ಎನ್ನಿಸುತ್ತಿತ್ತು. ಆ ಠೇವಣಿ ನಿಜವಾಗಿ ಇದೆಯೋ ಇಲ್ಲವೋ ಎಂಬ ಅನುಮಾನವೂ ಬಂತು. ನಮ್ಮವರು ಊಟಕ್ಕೆ ಕುಳಿತಾಗಲೆಲ್ಲ "ಬಂತೇನ ನಿನ್ನ ಸರ್ಟಿಫಿಕೇಟು?" ಎಂದು ಚೇಷ್ಟೆ ಮಾಡುವರು. ಎರಡು ಹನಿ ಮಳೆ ಬಿದ್ದ ಮೇಲೆ ತವನಪ್ಪನೂ ಹೇಳಿಕಳಿಸಿದ, ಅಥಣಿಯವರು ಇನ್ನು ಹೆಚ್ಚು ದಿನ ನಿಲ್ಲುವುದಿಲ್ಲವೆಂದು.

ಜೂನ್ ನಡುವೆ ಒಂದು ಸಂಜೆ ಬಾಪುಸಾಹೇಬರು ತುಂಬಿದ ರಿಟರ್ನ್ ತಂದು ಮೇಜಿನ ಮೇಲಿಟ್ಟರು. ವಕೀಲರನ್ನು ಬಿಟ್ಟು ಬೇರೆ ಯಾರಿಂದಲೋ ಬರೆಸಿದ್ದರು. ನನ್ನ ಬಡ್ಡಿಯೂ ಅದರಲ್ಲಿ ಸೇರಿತ್ತು.

"ಸಾಕಾತು ಕಾದದ್ದು. ನಾಳೆ ಕೊಟ್ಟ ಬಿಡ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. "ಮೊದಲ ಕಂಪನಿಗೆ ಹೋಗೂಣು. ಅಲ್ಲಿ ಇಲ್ಲ ಅಂದ್ರ, ಆಮ್ಯಾಲೆ ಎಲ್ಲಿ ಬೇಕಾದಲ್ಲಿ ಕೊಡ್ರಿ."

ಮರುದಿನ ಗೊಣಗುತ್ತಲೇ ಬಂದರು. ನನ್ನ ಬಾಯಿ ಒಮ್ಮೆ ಮುಚ್ಚಿದರೆ ಸಾಕಾಗಿತ್ತು ಅವರಿಗೆ.

ಕಂಪನಿಯಲ್ಲಿ ಕನ್ನಡಕದ ಕಾರಕೂನ ಫೈಲು ತಿರುವಿ ಹಾಕಿದ. ಐಗಳಿ, ಜಿನ್ನಪ್ಪ ಎಂದೊಡನೆ ಒಂದು ಲಕೋಟೆ ಎತ್ತಿ ತೋರಿಸಿದ. ಎರಡು ತಿಂಗಳ ಹಿಂದೆ, ನಾನು ಕಾಯಲು ಶುರುಮಾಡುವ ಮೊದಲೇ ಕಳಿಸಿದ್ದರಂತೆ, ಮರಳಿ ಬಂದಿತ್ತಂತೆ. ಮೇಲೆ ಪೋಸ್ಟಿನವನು ಗೀಚಿದ್ದ: ಈ ಹೆಸರಿನವರು ಇಲ್ಲಿಲ್ಲ.

"ಅಕ್ಕುತಾಯಿ ಕೋಣ್?" ಎಂದು ಕಾರಕೂನ ಮರಾಠಿಯಲ್ಲಿ ಕೇಳಿ ತಲೆ ಎತ್ತಿದ.

ಅಕ್ಕುತಾಯಿ ಯಾರು? ನಾನೂ ಹಿಂತಿರುಗಿ ನೋಡಿದೆ, ನಮ್ಮ ಹಿಂದೆ ಬೇರೆ ಯಾರೋ ಹೆಂಗಸು ಬಂದು ನಿಂತಿರಬೇಕೆಂದು. ಯಾರೂ ಇರಲಿಲ್ಲ.

"ಆ ಹೆಸರಿನಾವ್ರು ನಮ್ಮ ಮನ್ಯಾಗ ಯಾರೂ ಇಲ್ರಿ" ಎಂದರು ಬಾಪುಸಾಹೇಬರು, ದೊಡ್ಡ ದನಿಯಲ್ಲಿ. "ಆ ಪೋಸ್ಟಿನವಗೂ ನಾನಽ ಹೇಳಿ ಕಳಿಸೀನಿ. ಇಕಿ ಹೆಸರು ಚಂದ್ರಮತಿ. ನೀವಽ ಏನೋ ಗೊಂದಲ ಮಾಡೀರಿ."

ಆಗ ನೆನಪಾಯಿತು.

ನಮ್ಮ ಕಡೆ ಮದುವೆಯ ದಿನ ಹುಡುಗಿಯ ಹೆಸರು ಬದಲಿಸುವ ರೂಢಿ. ತಾಟಿನಲ್ಲಿ ಅಕ್ಕಿ ಹರಡುತ್ತಾರೆ, ಗಂಡ ಉಂಗುರದ ಅಂಚಿನಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಬಾಪುಸಾಹೇಬರು ಬರೆದ ಭರಕ್ಕೆ ಅಕ್ಕಿ ನೆಲಕ್ಕೆ ಚೆಲ್ಲಿತ್ತು. ಅಂದಿನಿಂದ ನಾನು ಚಂದ್ರಮತಿ. ತವರಿಗೆ ಹೋದರೂ ತಮ್ಮ ಅಕ್ಕಾ ಎನ್ನುತ್ತಿದ್ದ, ಅಪ್ಪ ತಾಯೀ ಎನ್ನುತ್ತಿದ್ದ. ಇಪ್ಪತ್ತು ವರ್ಷ ಆ ಹಳೆಯ ಹೆಸರಿನಿಂದ ಯಾರೂ ನನ್ನನ್ನು ಕರೆದಿರಲಿಲ್ಲ. ಠೇವಣಿ ಮಾತ್ರ ಅದೇ ಹೆಸರಿನಲ್ಲಿ ಹಾಗೇ ಕುಳಿತಿತ್ತು.

"ಅಕ್ಕುತಾಯಿ ಅಂದ್ರ ನಾನ್ರಿ" ಎಂದೆ.

ಬಾಪುಸಾಹೇಬರು ನನ್ನ ಮುಖ ನೋಡಿದರು, ಲಕೋಟೆ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಮದುವೆಯ ಮಾತುಕತೆಯಲ್ಲಿ ಆ ಹೆಸರು ಕೇಳಿದ್ದ ಮನುಷ್ಯ. ಮನೆ ಬಾಗಿಲಿಗೆ ಬಂದ ನನ್ನನ್ನು ಇಲ್ಲವೆಂದು ಹೇಳಿ ತಾನೇ ಹಿಂದಕ್ಕೆ ಕಳಿಸಿದ್ದ. ನನಗೆ ಕೆಟ್ಟದೆನಿಸಿತು. ಅದಕ್ಕಿಂತ ಹೆಚ್ಚು ಕೆಟ್ಟದೆನಿಸಿದ್ದು ನಾನೇ ಹಿಂತಿರುಗಿ ನೋಡಿದ್ದಕ್ಕೆ.

ಲಕೋಟೆ ಹಿಡಿದು ಸೀದಾ ವಕೀಲರ ಮನೆಗೆ ಹೋದೆವು. ಅವರು ಸರ್ಟಿಫಿಕೇಟನ್ನೂ ನಮ್ಮವರ ರಿಟರ್ನನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ವೈನಿ ತಡದದ್ದು ಚಲೋ ಆತು, ಸಾಹುಕಾರ್ರ. ಸರ್ಟಿಫಿಕೇಟು ಅಕ್ಕುತಾಯಿದು, ರಿಟರ್ನ್ ನಿಮ್ಮದು. ಇದನ್ನ ಕೊಟ್ಟ ಬಂದಿದ್ರ ಹಿಡದ ರೊಕ್ಕಾ ನಿಮಗೂ ಇಲ್ಲ, ಅವರಿಗೂ ಇಲ್ಲ. ಮ್ಯಾಲ ಠೇವಣಿ ಯಾರದು ಅಂತ ವರ್ಷಗಟ್ಲೆ ತಕರಾರು. ಈಗ ಏನೂ ಕೆಟ್ಟಿಲ್ಲ. ಎರಡೂ ಹೆಸರು ಒಬ್ಬರದಽ ಅಂತ ಒಂದು ಪ್ರಮಾಣಪತ್ರ ಮಾಡೂಣು, ವೈನಿಯವರ ರಿಟರ್ನ್ ತುಂಬೂಣು. ಠೇವಣಿ ಬಿಡಿಸಾಕೂ ಅದಽ ನಡೀತೈತಿ."

ಬಾಪುಸಾಹೇಬರು ತಮ್ಮ ರಿಟರ್ನ್ ಹರಿದು ಕಿಸೆಗೆ ತುರುಕಿಕೊಂಡರು. ಗೋದಾಮಿನ ಮಾತು ಎತ್ತಲಿಲ್ಲ.

ಸಹಿಯ ಹೊತ್ತು ಬಂತು. ಠೇವಣಿಯಲ್ಲಿದ್ದ ಹಾಗೆಯೇ ಬರೆಯಬೇಕು ಎಂದಿದ್ದರು ವಕೀಲರು. ಕೈಗೆ ಬರುತ್ತಿದ್ದದ್ದು 'ಚ'. ಅದನ್ನು ತಡೆದು 'ಅ' ಬರೆಯುವುದರೊಳಗೆ ಬೆವರಿದೆ.

"ಲಗೂ ಮಾಡ" ಎಂದರು ನಮ್ಮವರು, ರೂಢಿಯಂತೆ.

"ತಡೀರಿ" ಎಂದೆ. ತಡೆದರು.

ಠೇವಣಿಯ ಹಣ ಕೈಗೆ ಬಂದದ್ದೇ ಬಾವಿ ಪಕ್ಕದ ಪಟ್ಟಿ ಕೊಂಡೆ. ತವನಪ್ಪ ಮಾತು ಉಳಿಸಿಕೊಂಡಿದ್ದ. ಅಥಣಿಯ ನೋಂದಣಿ ಕಚೇರಿಯಲ್ಲಿ ಆ ಹೆಸರು ಮತ್ತೊಮ್ಮೆ ಬರೆದೆ. ಆಗ ಅಷ್ಟು ಬೆವರಲಿಲ್ಲ.

ಹಿಡಿದ ತೆರಿಗೆ ಮರಳಿ ಬರುವ ಹೊತ್ತಿಗೆ ಮರುವರ್ಷದ ಬಿಸಿಲು ಬಂದಿತ್ತು. ನಾನು ಒಳಗೆ ಹಪ್ಪಳ ಲಟ್ಟಿಸುತ್ತಿದ್ದೆ. ಬಾಪುಸಾಹೇಬರು ಪಡಸಾಲೆಯಲ್ಲಿ ಗಲ್ಲಕ್ಕೆ ಸಾಬೂನು ಹಚ್ಚಿಕೊಂಡು ದಾಡಿ ಮಾಡಿಕೊಳ್ಳುತ್ತಿದ್ದರು.

"ಅಕ್ಕುತಾಯಿ! ರಿಜಿಸ್ಟರ್ ಐತ್ರಿ!" ಎಂದು ಪೋಸ್ಟಿನವನು ಕೂಗಿದ. ಹಳೆಯದು ನೆನಪಾಯಿತೇನೋ, ಅವನೇ ಮತ್ತೆ, "ಆ ಹೆಸರಿನಾವ್ರು ಇಲ್ಲಿ ಇಲ್ಲೋ ಏನ್ರಿ? ತಿರುಗಿ ಒಯ್ಯಲೇನು?" ಎಂದ.

ಕನ್ನಡಿ ಬಿದ್ದ ಸಪ್ಪಳವಾಯಿತು.

"ಅದಾರಪಾ, ಅದಾರ! ಒಳಗ ಅದಾರ! ತಡೀ, ಹೋಗಬ್ಯಾಡ!"

ಸಾಬೂನಿನ ಮುಖದಲ್ಲೇ ಒಳಗೆ ಬಂದು ನನ್ನನ್ನು ಕರೆಯಲು ಬಾಯಿ ತೆರೆದರು. ಯಾವ ಹೆಸರೂ ಹೊರಡಲಿಲ್ಲ. ನಾನು ಲಟ್ಟಣಿಗೆ ಹಿಡಿದು ಅವರ ಮುಖವನ್ನೇ ನೋಡುತ್ತಾ ಕುಳಿತೆ. ಹೊರಗೆ ಪೋಸ್ಟಿನವನು ಗಂಟೆ ಬಾರಿಸುತ್ತಿದ್ದ. ಆ ಹೆಸರು ಹಿಡಿದು ಕರೆಯುವವರೆಗೆ ನಾನು ಏಳುವವಳಲ್ಲ.