ಹುಟ್ಟಿದ ಮನೆಯ ಕಡೆಯವರು

ಹಾಸಿಗೆ ಅಂಗಡಿ ಇಟ್ಟಿದ್ದರಿಂದ ಮನೆಯಲ್ಲಿ ಹಾಸಿಗೆ ಮಾವ ಎನಿಸಿಕೊಂಡವನು, ಸತ್ತವಳ ತಲೆಯನ್ನು ಒಂದು ಅಂಗೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ದಿಂಬನ್ನು ಎಳೆದು ತೆಗೆದ.

"ಇದೇನಿದು, ಇಟ್ಟಿಗೆ ಇಟ್ಟ ಹಾಗಿದೆ! ಯಾರು ತಂದದ್ದು?"

"ಆಸ್ಪತ್ರೆಯವರು ಕೊಟ್ಟಿದ್ದು ಮಾವ," ಎಂದಳು ಮಗಳು.

"ನನ್ನ ತಂಗಿ ಇದರ ಮೇಲೆ ಮಲಗಬೇಕಾ? ಲೇ, ನಮ್ಮ ಗಾಡಿಯಲ್ಲಿರೋ ದಿಂಬು ತಾರೇ."

ಅವನ ಹೆಂಡತಿ ಆಗಲೇ ಅದನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದಳು. ಅವನು ದಿಂಬಿನ ನಡುವೆ ಮೊಣಕೈಯಿಂದ ಒತ್ತಿ ಗುಳಿ ಮಾಡಿ, ತಲೆಯನ್ನು ಅದರಲ್ಲಿ ಇಳಿಸಿದ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಗಿರಾಕಿಗೆ ತೋರಿಸುವ ಮುನ್ನ ಹಾಸಿಗೆಯನ್ನು ನೋಡುವಂತೆ ನೋಡಿದ.

ಚಿಕ್ಕಪ್ಪ ಮಗಳನ್ನು ಅಡುಗೆಮನೆಗೆ ಕರೆದ. ಇಪ್ಪತ್ತು ವರ್ಷ ಅತ್ತಿಗೆಯ ಕೈಯ ಊಟ ಉಂಡವನು ಅವನು. ಅಳು ಬಂದಾಗಲೆಲ್ಲ ಯಾರನ್ನಾದರೂ ಗದರಿಸುತ್ತಿದ್ದ.

"ನೋಡಮ್ಮ, ಸ್ಮಶಾನದ ಕಚೇರಿಯಲ್ಲಿ ಹುಟ್ಟಿದ ಮನೆ ಕಡೆಯವರ ರುಜು ಕೇಳ್ತಾರೆ. ಇವನು ಮುಂದೆ ನುಗ್ತಾನೆ. ಬೇಡ."

"ಯಾಕೆ?"

"ಯಾಕೆ ಅಂದ್ರೆ? ಇವನು ನಿಮ್ಮಮ್ಮ ಹಳೇ ಕಾಗದದಿಂದ ಅಗೆದು ತೆಗೆದ ಅಣ್ಣ. ಅನಾಥಾಲಯದಲ್ಲಿ ಬೆಳೆದವಳು ಅಂತ ಊರಿಗೇ ಗೊತ್ತು. ಯಾರೂ ಇಲ್ಲದಿದ್ರೆ ಆ ಜಾಗದಲ್ಲಿ ಗೀಟು ಎಳೀತಾರೆ. ಎಳೀಲಿ. ಅದರಲ್ಲೇನು ನಾಚಿಕೆ? ಸುಳ್ಳು ಬರೆಸೋದು ನಾಚಿಕೆ."

ಮಗಳು ಲೋಟ ತೊಳೆಯುತ್ತಿದ್ದಳು.

"ನೀನೂ ಅವಳ ಜೊತೆ ದಾಖಲೆ ಕಚೇರಿಗೆ ಹೋಗ್ತಿದ್ದೆಯಲ್ಲ. ಇವನು ನಿಜವಾಗ್ಲೂ ಅವಳಿಗೆ ಸಂಬಂಧಿಯಾ? ಹಾಗಿದ್ರೆ ಇದ್ದಕ್ಕಿದ್ದ ಹಾಗೆ ಅಲ್ಲಿಗೆ ಹೋಗೋದು ಯಾಕೆ ಬಿಟ್ಟಳು?"

"ಕಾಲು ನೋವಿತ್ತು ಚಿಕ್ಕಪ್ಪ."

"ಭಾನುವಾರ ಇವರ ಮನೆಗೆ ನಡೆದೇ ಹೋಗ್ತಿದ್ದಳು. ಅವತ್ತು ಮಾತ್ರ ಕಾಲು ನೋಯ್ತಿರಲಿಲ್ವಾ?"

ತೊಳೆದ ಲೋಟವನ್ನೇ ಮಗಳು ಇನ್ನೊಮ್ಮೆ ತೊಳೆದಳು.

*

ಅಮ್ಮನಿಗೆ ತವರಿರಲಿಲ್ಲ. ಅನಾಥಾಲಯದಿಂದ ಹೊರಬೀಳುವಾಗ ಅವಳಿಗೆ ಸಿಕ್ಕಿದ್ದು ಮುತ್ತಜ್ಜನ ಹೆಸರು, ಕಲ್ಲು ಒಡೆಯುವ ಅವನ ಕಸುಬು ಮತ್ತು ಒಂದು ಬೀದಿಯ ಹೆಸರು, ಅಷ್ಟೇ. ಜಗಳ ಬಂದಾಗ ಅತ್ತೆ "ಹೊರಡು ನಿನ್ನ ತವರಿಗೆ" ಎಂದು ಕೂಗಿ, ಕೂಡಲೇ "ಅಯ್ಯೋ, ಮರೆತೇಹೋಗಿತ್ತು ನೋಡು" ಎಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಪ್ರತಿ ಸಲವೂ ಮರೆಯುತ್ತಿದ್ದಳು.

ಅಮ್ಮ ಆಸ್ಪತ್ರೆಯ ಚಾದರಗಳಿಗೆ ಇಸ್ತ್ರಿ ಹಾಕುವ ಕೆಲಸದಲ್ಲಿದ್ದಳು. ಬುಧವಾರ ರಜೆ. ಆ ದಿನ ಡಬ್ಬಿ ಕಟ್ಟಿಕೊಂಡು ದಾಖಲೆ ಕಚೇರಿಗೆ ಹೋಗಿ, ಹಳೆಯ ಜನಗಣತಿಯ ಪುಸ್ತಕಗಳ ಮುಂದೆ ಕೂರುತ್ತಿದ್ದಳು. ಒಂದು ಗಣತಿಯಲ್ಲಿ ಮುತ್ತಜ್ಜ ಸಿಕ್ಕಿದ: ಅದೇ ಬೀದಿ, ಕಲ್ಲು ಒಡೆಯುವವನು, ಒಂಟಿ. ಮುಂದಿನ ಗಣತಿಯಲ್ಲಿ ಅದೇ ಹೆಸರು, ಅದೇ ಬೀದಿ, ವಯಸ್ಸು ಹತ್ತು ಹೆಚ್ಚು. ಆದರೆ ಕಸುಬು ಹತ್ತಿ ಹಿಂಜುವುದು. ಜೊತೆಗೆ ಹೆಂಡತಿ, ಮಕ್ಕಳು.

"ಕಲ್ಲು ಒಡೆದು ಸಾಕಾಗಿ ಹತ್ತಿಗೆ ಬಂದಿದ್ದಾನೆ ಕಣೆ, ಜಾಣ," ಎಂದು ಅಮ್ಮ ನಕ್ಕಿದ್ದಳು.

ಅಲ್ಲಿಂದ ಮದುವೆಯ ದಾಖಲೆಗಳನ್ನು ಹಿಡಿದು ಮಗ, ಮೊಮ್ಮಗ ಎಂದು ಇಳಿಯುತ್ತಾ ಇಳಿಯುತ್ತಾ, ವರ್ಷಗಳ ಮೇಲೆ ಒಂದು ಹಾಸಿಗೆ ಅಂಗಡಿಯ ಮುಂದೆ ಬಂದು ನಿಂತಳು. ತಲೆಯ ತುಂಬ ಹತ್ತಿ ಅಂಟಿಸಿಕೊಂಡಿದ್ದ ಅಂಗಡಿಯವನು ಅವಳ ಕಾಗದಗಳನ್ನು ಮುಟ್ಟಲೂ ಇಲ್ಲ.

"ತಂಗಿ ಅಂತೀಯ. ಮತ್ತೆ ಹೊರಗೆ ಯಾಕೆ ನಿಂತಿದ್ದೀಯ?" ಎಂದ.

*

ಶವದ ಗಾಡಿಯ ಹಿಂದೆ ಹೋಗುತ್ತಿದ್ದ ವ್ಯಾನಿನಲ್ಲಿ ಮಗಳ ಪಕ್ಕ ಹಾಸಿಗೆ ಮಾವನ ಹೆಂಡತಿ ಕುಳಿತಿದ್ದಳು.

"ನಾದಿನಿ ಅಂತ ಒಂದು ದಿನ ದರ್ಬಾರು ಮಾಡಲಿಲ್ಲ ನೋಡು ನಿಮ್ಮಮ್ಮ. ಬಂದರೆ ಪಾತ್ರೆ ತೊಳೆಯೋಕೆ ನಿಲ್ತಿದ್ದಳು, ಪರರ ಮನೆಗೆ ಬಂದವರ ಥರ. ನಾನೇ ಬೈತಿದ್ದೆ: ತವರಿಗೆ ಬಂದವಳು ಕಾಲು ಚಾಚಿ ಕೂತ್ಕೋಬೇಕು, ಅತ್ತಿಗೆ ಅಡುಗೆಗೆ ಹೆಸರಿಡಬೇಕು ಅಂತ." ಮೂಗು ಒರೆಸಿಕೊಂಡಳು. "ಇವರನ್ನ ನೋಡು. ರುಜು ಹಾಕಬೇಕು ಅಂತ ಬೆಳಗ್ಗೆಯಿಂದ ಕನ್ನಡಕ ಒರೆಸಿದ್ದೇ ಒರೆಸಿದ್ದು. ತಂಗಿಗೆ ಅಂತ ಅದೊಂದಾದ್ರೂ ನನ್ನ ಕೈಲಾಗಲಿ ಅಂತಾರೆ."

ಮುಂದಿನ ಸೀಟಿನಲ್ಲಿ ಹಾಸಿಗೆ ಮಾವ ಕಿಟಕಿಯ ಹೊರಗೆ ನೋಡುತ್ತಿದ್ದ.

*

ಅಮ್ಮ ದಾಖಲೆ ಕಚೇರಿಗೆ ಹೋದ ಕೊನೆಯ ಬುಧವಾರ ಮಗಳೂ ಜೊತೆಗಿದ್ದಳು. ಮುತ್ತಜ್ಜನ ಮದುವೆಯ ದಾಖಲೆಯ ನಕಲು ತೆಗೆಸಿ, ಕಟ್ಟು ಹಾಕಿಸಿ ಅಣ್ಣನಿಗೆ ಕೊಡಬೇಕೆಂಬ ಆಸೆ ಅಮ್ಮನಿಗೆ.

ಪುಸ್ತಕ ಬಂತು. ವರ: ಹತ್ತಿ ಹಿಂಜುವವನು. ಅದರ ಕೆಳಗೆ, ಸಾಕ್ಷಿ: ಅದೇ ಹೆಸರು, ಅದೇ ಬೀದಿ, ಕಲ್ಲು ಒಡೆಯುವವನು.

ಅಮ್ಮ ಮೇಲಿನ ಹೆಸರಿನ ಮೇಲೆ ಬೆರಳಿಟ್ಟಳು. ಆಮೇಲೆ ಕೆಳಗಿನದರ ಮೇಲೆ.

"ತನ್ನ ಮದುವೆಗೆ ತಾನೇ ಯಾರಾದ್ರೂ ಸಾಕ್ಷಿ ಹಾಕ್ತಾರೇನೆ?"

"ಅಮ್ಮ..."

"ಇಬ್ಬರಿದ್ರು. ಒಂದೇ ಬೀದಿಯಲ್ಲಿ ಇಬ್ಬರು. ಕಲ್ಲಿನವನು ನಮ್ಮವನು. ಮದುವೆಗಂಡು ಅವರವನು."

ನಕಲು ಬೇಡವೆಂದು ಹೇಳಿ ಎದ್ದಳು. ಬಸ್‌ಸ್ಟಾಪಿನಲ್ಲಿ ಮಗಳು ಕೇಳಿದಳು: "ಅವರಿಗೆ ಹೇಳ್ತೀಯಾ?"

"ಭಾನುವಾರ ಊಟಕ್ಕೆ ಬರ್ತೀನಿ ಅಂದಿದ್ದೀನಿ."

"ನಾನು ಕೇಳಿದ್ದು ಅದಲ್ಲ."

"ಬರ್ತೀನಿ ಅಂದಿದ್ದೀನಿ ಕಣೆ. ಅತ್ತಿಗೆ ಕಾಯ್ತಾಳೆ," ಎಂದಳು ಅಮ್ಮ. ಬಸ್ಸು ಬರುವವರೆಗೂ ಅದು ಬರುವ ದಿಕ್ಕಿಗೆ ಬೆನ್ನು ಹಾಕಿಯೇ ನಿಂತಿದ್ದಳು.

*

ಸ್ಮಶಾನದ ಕಚೇರಿಯಲ್ಲಿ ಒಂದು ಮೇಜು, ಎರಡು ಕುರ್ಚಿ. ಗುಮಾಸ್ತ ಮಗಳ ರುಜು ಹಾಕಿಸಿಕೊಂಡು ತಲೆಯೆತ್ತಿದ.

"ಹುಟ್ಟಿದ ಮನೆ ಕಡೆಯವರು ಯಾರಾದ್ರೂ ಇದ್ದಾರಾ? ಇಲ್ಲ ಅಂದ್ರೆ ಗೀಟು ಎಳೀತೀನಿ."

ಬಾಗಿಲ ಬಳಿ ಕುಳಿತಿದ್ದ ಹಾಸಿಗೆ ಮಾವ ಅರ್ಧ ಎದ್ದ. ಚಿಕ್ಕಪ್ಪನ ಮುಖ ನೋಡಿ ಹಾಗೆಯೇ ನಿಂತುಬಿಟ್ಟ, ಪೂರ್ತಿ ಏಳದೆ, ಕೂರದೆ.

"ಹೇಳಮ್ಮ," ಎಂದ ಚಿಕ್ಕಪ್ಪ. "ನಿನಗೆ ಗೊತ್ತಿರೋದನ್ನ ಹೇಳು."

"ಖಚಿತವಾಗಿ ಗೊತ್ತಿದ್ರೆ ಮಾತ್ರ ಹೇಳಿ," ಎಂದ ಗುಮಾಸ್ತ. "ನಾವೆಲ್ಲ ಹೋದ ಮೇಲೂ ಇರೋ ಪುಸ್ತಕ ಇದು. ಯಾರ್ಯಾರೋ ಬಂದು ಹುಡುಕ್ತಾರೆ."

ಮಗಳಿಗೆ ಅದು ಗೊತ್ತಿತ್ತು. ಎಂದೋ ಒಂದು ದಿನ, ಊಟದ ಡಬ್ಬಿಯನ್ನು ಕಾಲ ಬಳಿ ಇಟ್ಟುಕೊಂಡ ಯಾವಳೋ ಒಬ್ಬಳು ಈ ಸಾಲಿನ ಮೇಲೆ ಬೆರಳಿಡುತ್ತಾಳೆ. ಇದನ್ನು ನಂಬುತ್ತಾಳೆ. ಇದನ್ನು ಹಿಡಿದು ದಾರಿ ತಪ್ಪುತ್ತಾಳೆ.

"ಅಣ್ಣ," ಎಂದಳು ಮಗಳು. "ಇವರು ನಮ್ಮಮ್ಮನ ಅಣ್ಣ."

ಚಿಕ್ಕಪ್ಪ ಕಿಟಕಿಯ ಕಡೆ ತಿರುಗಿದ.

ಹಾಸಿಗೆ ಮಾವ ಬಂದು ರುಜು ಹಾಕಿದ. ದಬ್ಬಳ ಹಿಡಿದು ದಪ್ಪಗಟ್ಟಿದ್ದ ಬೆರಳುಗಳ ನಡುವೆ ಪೆನ್ನು ಜಾರುತ್ತಿತ್ತು. ಪಕ್ಕದಲ್ಲಿ 'ಸಂಬಂಧ' ಎಂಬ ಖಾನೆ ಖಾಲಿಯಿತ್ತು.

"ಇದನ್ನ ನೀನೇ ಬರಿಯೇ. ನನ್ನ ಅಕ್ಷರ ನನಗೇ ಓದೋಕೆ ಬರಲ್ಲ."

ಮಗಳು ಪೆನ್ನು ತೆಗೆದುಕೊಂಡು, ಯಾರೂ ತಪ್ಪಾಗಿ ಓದಲಾರದಂತೆ ದುಂಡಗೆ, ಬಿಡಿಬಿಡಿಯಾಗಿ ಬರೆದಳು. ಹಾಸಿಗೆ ಮಾವ ಮೇಜಿನ ಮೇಲೆ ಬಗ್ಗಿ, ಶಾಯಿ ಹರಡದಿರಲೆಂದು, ಮೆಲ್ಲಗೆ ಊದಿದ.