ತಡಿಯಪ್ಪ

“ಆ ರಿಬ್ಬನ್ ಒಳಗೆ ಮಡಚಿಬಿಡಿ, ಅಮ್ಮ ನೋಡೋ ಮುಂಚೆ,” ಎಂದು ಮಗಳು ಪಿಸುಗುಟ್ಟುವಷ್ಟರಲ್ಲಿ ಅಮ್ಮ ಬಾಗಿಲಿಗೇ ಬಂದು ನಿಂತಿದ್ದಳು. ಅಪ್ಪ ದುಡಿದ ವಿಮಾನ ರಿಪೇರಿಯ ಹ್ಯಾಂಗರಿನವರು ತಂದ ಹೂವಿನ ಚಕ್ರದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ‘ಶ್ರೀ ತಡಿಯಪ್ಪನವರಿಗೆ ಅಂತಿಮ ನಮನ.’

ಅದು ಅಪ್ಪನ ಹೆಸರಲ್ಲ. ಮೂವತ್ತೆರಡು ವರ್ಷ ವಿಮಾನದ ಕಿಟಕಿ ಪರೀಕ್ಷಿಸಿದ ಮನುಷ್ಯ ಅವನು. ಬೇಗ ಸಹಿ ಹಾಕಿ ಎಂದು ಯಾರು ಬಂದು ಗೋಗರೆದರೂ ಕಿಟಕಿಯಿಂದ ಕಣ್ಣು ಕೀಳದೆ “ತಡಿಯಪ್ಪಾ” ಎನ್ನುತ್ತಿದ್ದ. ಪೈಲಟ್ಟಿಗೂ ಅದೇ ಮಾತು, ಮೇಲಧಿಕಾರಿಗೂ ಅದೇ ಮಾತು. ಹೇಳಿ ಹೇಳಿ ಅದು ಅವನಿಗೇ ಅಂಟಿಕೊಂಡಿತು. ಆಫೀಸಿಗೆ ಹೊಸದಾಗಿ ಬಂದ ಗುಮಾಸ್ತೆ, ಪಾಪ, ಅದೇ ನಿಜವಾದ ಹೆಸರೆಂದುಕೊಂಡು ಅಚ್ಚು ಹಾಕಿಸಿದ್ದಳು.

ಅಮ್ಮ ರಿಬ್ಬನ್ನು ಓದಿದಳು. ನಿನ್ನೆಯಿಂದ ಅತ್ತು ಊದಿದ ಮುಖದಲ್ಲಿ ನಗು ತಡೆಯಲಾಗದೆ ಹೊರಬಂತು.

“ಇರ್ಲಿ ಬಿಡು. ಊರನ್ನೆಲ್ಲ ಕಾಯಿಸಿದ್ರಲ್ಲ, ಆ ಹೆಸರಲ್ಲೇ ಹೋಗ್ಲಿ.”

ಕಾಯಿಸಿದ್ದು ಊರನ್ನಷ್ಟೇ ಅಲ್ಲ. ಮನೆ ವಿಮಾನ ನಿಲ್ದಾಣದ ಬೆನ್ನಿಗೇ ಇತ್ತು. ಸಂಜೆ ಆರರ ವಿಮಾನ ತಲೆಯ ಮೇಲೆ ಹಾದರೆ ಗೂಡಿನ ಲೋಟಗಳು ಗಲಗಲ ಎನ್ನುತ್ತಿದ್ದವು. ಆರಾದರೂ ಲೋಟಗಳು ಸುಮ್ಮನಿದ್ದರೆ ಅಮ್ಮ ಒಲೆಯ ಉರಿ ಸಣ್ಣ ಮಾಡುತ್ತಿದ್ದಳು. “ನಿಮ್ಮಪ್ಪ ವಿಮಾನ ಹಿಡ್ಕೊಂಡಿದಾರೆ. ಊಟ ತಡ,” ಎನ್ನುತ್ತಿದ್ದಳು.

ಒಳಗೆ ಸೋದರತ್ತೆ ಅಪ್ಪನ ಫೋಟೋ ಒರೆಸಲು ಕೂತಿದ್ದಳು.

“ಪೇಪರಲ್ಲಿ ಒರೆಸ್ಬೇಡ ಕಣೇ, ಗೆರೆ ಬೀಳುತ್ತೆ. ಹತ್ತಿ ಬಟ್ಟೆ ತಗೋ,” ಅಂದಳು ಅಮ್ಮ. “ಇಲ್ದಿದ್ರೆ ಅವರು ಎದ್ದು ಬಂದು ಬೈತಾರೆ.”

ಅತ್ತೆ ಬಟ್ಟೆಯಿಂದ ಒರೆಸಿ, ಕಲೆ ಉಳಿದಿದೆಯೇ ಎಂದು ಫೋಟೋವನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಬೆಳಕು ಗಾಜಿನ ಮೇಲೆ ಅಂಚಿನಿಂದ ಅಂಚಿಗೆ ಜಾರಿತು. ಅದನ್ನು ನೋಡುತ್ತಿದ್ದ ಮಗಳ ಎದೆ ಧಸಕ್ಕೆಂದಿತು.

ಅವಳೂ ಅದೇ ಹ್ಯಾಂಗರಿನಲ್ಲಿ, ಅದೇ ಕೆಲಸದಲ್ಲಿದ್ದಳು. ಪರೀಕ್ಷೆಯಾಯಿತೆಂದು ಹಾಳೆಗೆ ಒತ್ತುವ ಸ್ವಂತ ಮುದ್ರೆ ಕೈಗೆ ಬಂದು ಮೂರು ವಾರವಾಗಿತ್ತು ಅಷ್ಟೆ. ನಿನ್ನೆ ಎಡಬದಿಯ ಮೂವತ್ತೊಂದು ಕಿಟಕಿಗಳನ್ನು ನೋಡುತ್ತಿದ್ದಳು. ವಿಮಾನದ ಕಿಟಕಿಯೆಂದರೆ ಗಾಜಿನಂಥ ಗಟ್ಟಿ ಪ್ಲಾಸ್ಟಿಕ್. ಟಾರ್ಚ್ ನೇರ ಹಿಡಿದರೆ ತಿಳಿನೀರಿನಂತೆ ಕಾಣುತ್ತದೆ. ಓರೆ ಹಿಡಿದರೆ ಮಾತ್ರ ಕೂದಲೆಳೆಯ ಬಿರುಕುಗಳು ಮೇಲೇಳುತ್ತವೆ. ಮೂವತ್ತನೆಯದು ಮುಗಿಯುವಾಗ ಅಮ್ಮನ ಫೋನು ಬಂತು. ಅಪ್ಪ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದ. ಹಾಳೆಯ ಖಾನೆಗಳಿಗೆಲ್ಲ ಒಂದೇ ಉಸಿರಿಗೆ ಗುರುತು ಹಾಕಿ, ಮುದ್ರೆಯೊತ್ತಿ ಓಡಿಬಂದಿದ್ದಳು.

ಮೂವತ್ತೊಂದನೆಯ ಕಿಟಕಿಯ ಮೇಲೆ ಬೆಳಕು ಜಾರಿದ್ದು ಅವಳಿಗೆ ನೆನಪೇ ಇರಲಿಲ್ಲ.

ರಿಪೇರಿ ಮುಗಿಸಿ ಆ ವಿಮಾನ ಇವತ್ತು ಆರು ಗಂಟೆಗೆ ಹೊರಡುವುದಿತ್ತು.

*

ಅವಳಿಗೆ ಹತ್ತು ವರ್ಷವಿದ್ದಾಗ ಅಪ್ಪ ಊಟಕ್ಕೆ ಕೈತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸದೆ ಹಾಗೇ ನಿಂತುಬಿಟ್ಟಿದ್ದ.

“ಬಾಲದ ಹತ್ತಿರದ ಕಿಟಕಿ ನೋಡಿದ್ನಾ?” ಎಂದು ತನ್ನನ್ನೇ ಕೇಳಿಕೊಂಡ. ಒದ್ದೆ ಕೈಯಲ್ಲೇ ನಿಲ್ದಾಣಕ್ಕೆ ಓಡಿದ. ಜನ ಹತ್ತಿ ಕೂತಿದ್ದ ವಿಮಾನ ನಿಲ್ಲಿಸಿದ. ಕಿಟಕಿಯಲ್ಲಿ ಏನೂ ಸಿಗಲಿಲ್ಲ. ನೋಡದೆ ಸಹಿ ಹಾಕಿದ್ದಕ್ಕೆ ನಿಯಮದಂತೆ ಮುದ್ರೆ ಕಿತ್ತುಕೊಂಡರು. ಮುಂದಿನ ಮೂರು ತಿಂಗಳು ಅಪ್ಪ ಬೇರೆಯವರಿಗೆ ಏಣಿ ಹಿಡಿದ.

“ಏನೂ ಇರ್ಲಿಲ್ವಲ್ಲಪ್ಪ, ಸುಮ್ನೆ ಬೈಸ್ಕೊಂಡ್ಯಲ್ಲ?” ಎಂದು ಅವಳು ಕೇಳಿದ್ದಳು.

ಅಪ್ಪ ಯೋಚಿಸಿ ಹೇಳಿದ್ದ: “ಇರ್ಲಿಲ್ಲ ಅಂತ ಗೊತ್ತಾಗಿದ್ದು ನೋಡಿದ್ಮೇಲೆ ಪುಟ್ಟಾ. ಅಲ್ಲೀವರೆಗೂ ಇತ್ತು.”

*

ಮೂರು ಗಂಟೆಗೆ ಗಾಡಿ ಬಂತು. ಸ್ಮಶಾನದ ದಾರಿಯುದ್ದಕ್ಕೂ ಅವಳು ತನ್ನೊಳಗೇ ಜಗಳವಾಡಿದಳು. ನೋಡಿರಲೂಬಹುದು, ನೆನಪಿಲ್ಲ ಅಷ್ಟೇ. ಬಾಯಿಬಿಟ್ಟರೆ ಐದು ವರ್ಷ ಕಲಿತು ಗಳಿಸಿದ ಮುದ್ರೆ ನೀರಿಗೆ ಬಿದ್ದಂತೆ. ಸಾವಿನ ಮನೆಯವಳನ್ನು ಯಾರು ಬಂದು ಕೇಳುತ್ತಾರೆ? ಯಾರೂ ಕೇಳುವುದಿಲ್ಲ ಎನ್ನುವುದೇ ಅವಳನ್ನು ಬಿಡಲಿಲ್ಲ. ಎದುರಿಗೆ ಪೆಟ್ಟಿಗೆಯ ಮೇಲೆ ಆ ಹೂವಿನ ಚಕ್ರ ಅಲುಗಾಡುತ್ತಿತ್ತು, ರಿಬ್ಬನ್ನಿನ ಅಕ್ಷರ ಅವಳ ಕಡೆಗೇ ತಿರುಗಿತ್ತು.

ಮಣ್ಣು ಹಾಕಿ ಮುಗಿಯಿತು. ಅಮ್ಮನನ್ನು ಮನೆಗೆ ಕರೆದೊಯ್ಯುವಂತೆ ಅತ್ತೆಗೆ ಹೇಳಿ, ಅವಳು ಗೇಟಿನ ಬಳಿಯಿದ್ದ ಹ್ಯಾಂಗರಿನ ಮುಖ್ಯಸ್ಥರ ಹತ್ತಿರ ಹೋದಳು.

“ಸರ್, ನಿನ್ನೆ ಎಡಗಡೆ ಕೊನೇ ಕಿಟಕಿ ನಾನು ನೋಡಿದ್ನೋ ಇಲ್ವೋ ಗೊತ್ತಿಲ್ಲ. ಸಹಿ ಮಾತ್ರ ಹಾಕಿದೀನಿ.”

ಮುಖ್ಯಸ್ಥರು ಗಡಿಯಾರ ನೋಡಿಕೊಂಡರು. ನಾಲ್ಕೂಮುಕ್ಕಾಲು.

“ಏನು ಹೇಳ್ತಿದೀಯ ಗೊತ್ತಾ? ಮುದ್ರೆ ಕೊಡಬೇಕಾಗುತ್ತೆ.”

ಅವಳು ಕೈಚೀಲದಿಂದ ಮುದ್ರೆ ತೆಗೆದು ಅವರ ಅಂಗೈಯಲ್ಲಿಟ್ಟಳು. ಅವರು ಅದನ್ನು ಜೇಬಿಗಿಳಿಸಿ, ವಿಮಾನ ಹೊರಡಿಸಬೇಡಿ ಎಂದು ಫೋನು ಮಾಡಿದರು. ಆಚೆಯವನು ಏನೋ ಕೂಗಾಡಿದ. ಅದಕ್ಕೆ ಮುಖ್ಯಸ್ಥರು, “ತಡಿಯಪ್ಪಾ,” ಅಂದರು. ಅಂದವರೇ ತಮ್ಮ ಮಾತಿಗೆ ತಾವೇ ಬೆಚ್ಚಿ, ಹೊಸ ಮಣ್ಣಿನ ಕಡೆ ತಿರುಗಿ ನೋಡಿದರು.

“ಬಾ. ನಿಮ್ಮಪ್ಪನ ಮುದ್ರೆ ಹೋದ ದಿನ ಟಾರ್ಚ್ ಹಿಡಿದಿದ್ದು ನಾನು. ಇವತ್ತು ನೋಡೋನು ನಾನು, ಹಿಡಿಯೋಳು ನೀನು.”

ಮೂವತ್ತೊಂದನೆಯ ಕಿಟಕಿಯ ಮುಂದೆ ಮುಖ್ಯಸ್ಥರು ಗೀರು ಬೀಳದಂತೆ ಉಂಗುರ ಬಿಚ್ಚಿ, ವಾಚು ಬಿಚ್ಚಿ, ಹತ್ತಿ ಬಟ್ಟೆಯಲ್ಲಿ ಒರೆಸಿದರು. ಅವಳು ಬೆಳಕನ್ನು ಓರೆಯಾಗಿ ಹಾಯಿಸಿದಳು, ಮೇಲಿನಿಂದ, ಕೆಳಗಿನಿಂದ, ಎರಡೂ ಪಕ್ಕದಿಂದ. ಒಳಗೂ ಹೊರಗೂ ನೋಡಿದ್ದಾಯಿತು.

“ಏನೂ ಇಲ್ಲ ಅಲ್ವಾ ಸರ್?”

“ಇಲ್ಲ ಅನ್ನೋಕೆ ನಾವ್ಯಾರು? ಕಾಣ್ಲಿಲ್ಲ,” ಎಂದು ಅವರು ಹಾಗೆಯೇ ಬರೆದು ಸಹಿ ಹಾಕಿದರು. “ಮೂರು ತಿಂಗಳು ಏಣಿ ಹಿಡಿ. ಆಮೇಲೆ ಬಂದು ಮುದ್ರೆ ಇಸ್ಕೋ. ಬೇರೆ ಯಾರಿಗೂ ಕೊಡಲ್ಲ.”

ಅಲ್ಲಿಯವರೆಗೆ ಬಾರದ ಅಳು ಆಗ ಬಂತು. ಅಪ್ಪ ಹೋದದ್ದಕ್ಕೂ ಅತ್ತಳು, ಅಪ್ಪ ಎಲ್ಲಿಗೂ ಹೋಗಿಲ್ಲ ಅನ್ನಿಸಿದ್ದಕ್ಕೂ ಅತ್ತಳು.

ಮನೆ ಮುಟ್ಟುವಾಗ ಆರೂವರೆ ದಾಟಿತ್ತು. ಅಮ್ಮ ಅಡುಗೆಮನೆಯಲ್ಲಿ ಒಬ್ಬಳೇ ನಿಂತಿದ್ದಳು. ಒಲೆಯ ಮೇಲೆ ಅನ್ನದ ಪಾತ್ರೆಯಿತ್ತು, ಅದರಡಿಯಲ್ಲಿ ಉರಿ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗಿತ್ತು.

“ಆರರದ್ದು ಹೋಗ್ಲಿಲ್ಲ,” ಅಂದಳು ಅಮ್ಮ. “ನೀನು ಹಿಡ್ಕೊಂಡಿದೀಯ ಅಂದ್ಕೊಂಡೆ.”

ಮಗಳು ಹೌದೆಂದು ತಲೆಯಾಡಿಸಿದಳು. ಇಬ್ಬರೂ ಒಲೆಯ ಮುಂದೆ ಕಾದು ನಿಂತರು. ಸ್ವಲ್ಪ ಹೊತ್ತಿಗೆ ದೂರದಲ್ಲಿ ಸದ್ದೆದ್ದಿತು, ಬೆಳೆಯುತ್ತ ಬೆಳೆಯುತ್ತ ಮನೆಯ ನೆತ್ತಿಗೆ ಬಂತು, ಗೂಡಿನ ಲೋಟಗಳೆಲ್ಲ ಗಲಗಲ ಅಂದವು.

ಅಮ್ಮ ಕೈ ನೀಡಿ ಉರಿ ದೊಡ್ಡದು ಮಾಡಿದಳು.