ಗದ್ದದಿಂದ ಮೂಗಿಗೆ

ಮೂಗು ತುರಿಸ್ತಿದೆ, ಹಾಳಾದ್ದು ಈಗಲೇ ತುರಿಸಬೇಕಾ, ತುರಿಸಲಿ, ನಾನು ಕೈ ಎತ್ತಲ್ಲ, ಒಳಗಿರುವವರಿಗೂ ಅದನ್ನೇ ಹೇಳಿ ಬಂದಿದ್ದೇನಲ್ಲ — ಎಲ್ಲರೂ ಕೈ ಮೇಜಿನ ಮೇಲಿಡಿ, ನನ್ನ ಮಾತು ಮುಗಿಯೋವರೆಗೂ ಎತ್ತಬೇಡಿ, ನನ್ನ ಮಗಳ ಹಾಗೆ — ಅಯ್ಯೋ, ಅಷ್ಟು ದೊಡ್ಡ ವಿಜ್ಞಾನಿಗಳಿಗೆ ಶಾಲೆ ಮಕ್ಕಳಿಗೆ ಹೇಳಿದ ಹಾಗೆ ಹೇಳಿಬಿಟ್ಟೆ, ನನಗೋ ಮೂಗಿನ ತುದಿಯಲ್ಲೇ ಕೋಪ, ಕೆಲಸ ಕೆಟ್ಟಿತೇನೋ, ಬಾಗಿಲ ಗಾಜಿನಾಚೆ ತಲೆಗಳು ಅಲ್ಲಾಡುತ್ತಿವೆ, ಮಾತು ಕೇಳಿಸಲ್ಲ, ಪಕ್ಕದ ಗಾಲಿಕುರ್ಚಿಯಲ್ಲಿ ನನ್ನ ಚಿನಕುರಳಿ, ಅಮ್ಮಾ ನಿನ್ನ ಮುಖ ನೋಡಿದ್ರೆ ಪರೀಕ್ಷೆ ನಿಂದೇ ಅನ್ಸುತ್ತೆ, ನಂದೇ ಕಣೇ, ಇನ್ಯಾರದ್ದು, ಹೊಸ ಔಷಧಿಯ ಪ್ರಯೋಗಕ್ಕೆ ಯಾವ ಮಕ್ಕಳನ್ನು ಸೇರಿಸ್ಕೋಬೇಕು ಅಂತ ಇವತ್ತು ತೀರ್ಮಾನ, ನಡೆಯುವವರು ಮಾತ್ರ ಅಂತಿದ್ದಾರೆ, ಔಷಧಿ ನಾಟಿತಾ ಅಂತ ಇವರು ನೋಡೋದೇ ಮಗು ಎಷ್ಟು ದೂರ ನಡೀತು ಅಂತ, ನಡೆಯದವಳಲ್ಲಿ ಅಳೆಯೋಕೆ ಏನಿದೆ ಹೇಳಿ ಅಂದಿದ್ದರು ದೊಡ್ಡ ಮೇಡಂ, ಸಂಶೋಧನೆಯ ಮುಖ್ಯಸ್ಥೆ, ಕೆಟ್ಟವರಲ್ಲ ಪಾಪ, ಸ್ನಾಯುಗಳ ಬಲವನ್ನೇ ಕರಗಿಸುವ, ಜೀನಿನೊಳಗಿನ ಈ ಒಂದು ತಪ್ಪು ಹುಡುಕುತ್ತಲೇ ತಲೆಗೂದಲು ಬೆಳ್ಳಗಾಗಿಸಿಕೊಂಡವರು, ಅದೂ ಊರೂರು ಜಾಲಾಡಿದರೂ ಒಂದು ಬಸ್ಸು ತುಂಬದಷ್ಟು ಮಕ್ಕಳಿಗಾಗಿ.

ನಾವೇನು ಕಮ್ಮಿಯಾ, ಅಪ್ಪ ಅಮ್ಮಂದಿರ ಸಂಘ ಕಟ್ಟಿಕೊಂಡು ಅವರಿಗೆ ಕಳಿಸಿದ ವೀಡಿಯೋಗಳಲ್ಲೆಲ್ಲ ಬರೀ ಕಾಲು, ಕಂಕುಳಿಗೆ ಕೈ ಹಾಕಿ ಎತ್ತಿ ಹಿಡಿದು, ನೋಡಿ ನೋಡಿ ನಿಂತಳು ಅಂತ ನಾನೂ ಕಳಿಸಿದ್ದೆ, ಅವತ್ತು ಇವಳು ಕಿರುಚಿದ್ದು, ನಿಲ್ಲೋದು ಯಾರಿಗೆ ಬೇಕಮ್ಮಾ, ನನ್ನ ಮೂಗು ನಾನೇ ತುರಿಸ್ಕೋಬೇಕು, ನೀನು ತುರಿಸಿದ್ರೆ ಯಾವಾಗ್ಲೂ ಪಕ್ಕದ ಜಾಗ — ನಕ್ಕುಬಿಟ್ಟೆ, ಆಮೇಲೆ ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ, ಅವತ್ತಿನಿಂದ ನೋಡುತ್ತಲೇ ಇದ್ದೇನೆ, ಕುರ್ಚಿಯ ಕೈಯಿಂದ ಏಳುವ ಆ ತೋರುಬೆರಳು, ಬೇಸಿಗೆಯಲ್ಲಿ ತುಟಿವರೆಗೆ ಬರ್ತಿತ್ತು, ಈಗ ಗದ್ದ ದಾಟಲ್ಲ, ಇದು ಅಳತೆ ಅಲ್ವಾ ಮೇಡಂ, ಇನ್ನೊಂದು ಬೇಸಿಗೆಗೂ ಈ ಬೆರಳು ಗದ್ದದಲ್ಲೇ ಉಳಿದರೆ ನಿಮ್ಮ ಔಷಧಿ ಗೆದ್ದ ಹಾಗಲ್ವಾ ಅಂತ ಈಗಷ್ಟೇ ಒಳಗೆ ಕೇಳಿದೆ, ಅಷ್ಟರಲ್ಲಿ ಮೇಜಿನ ಸುತ್ತ ಒಬ್ಬೊಬ್ಬರ ಮೂಗೂ ಸೊಟ್ಟಗಾಗ್ತಿತ್ತು, ಮೇಡಂ ಕನ್ನಡಕ ಜಾರಿ ಮೂಗಿನ ತುದಿಗೆ ಬಂದಿತ್ತು, ಆದರೂ ಕೈ ಎತ್ತಲಿಲ್ಲ ಮಹಾತಾಯಿ, ನೀವು ಹೊರಗಿರಿ, ಒಪ್ಪುವವರು ಕೈ ಎತ್ತಿ ಅಂತ ಕೇಳ್ತೀನಿ ಅಂದರು, ದನಿ ಮೆತ್ತಗಿತ್ತಾ, ಇತ್ತು, ಇರಲಿಲ್ಲವಾ —

ಅಮ್ಮಾ ನೋಡು ನೋಡು, ಗಾಜಿನಾಚೆ ಒಂದು ಕೈ, ಅಗೋ ಇನ್ನೊಂದು, ಮೂಲೆಯ ಗಂಟುಮೋರೆಯವರದ್ದೂ, ಸಾಕಲ್ಲ, ಸಾಕು, ಅರ್ಧಕ್ಕಿಂತ ಜಾಸ್ತಿಯೇ ಆಯ್ತು, ಅಯ್ಯೋ ದೇವರೇ, ಮೇಡಂ ಕೈಯೂ ಮೇಜು ಬಿಟ್ಟೆದ್ದಿತು, ಅರ್ಧದಲ್ಲಿ ನಿಂತು, ಕಣ್ಣು ಮುಚ್ಚಿ ಚೆನ್ನಾಗಿ ಮೂಗು ತುರಿಸಿಕೊಂಡು, ಆಮೇಲೆ ಮೇಲಕ್ಕೆ, ಪೂರ್ತಿ ಮೇಲಕ್ಕೆ, ಚಿನಕುರಳಿ ಕಿಸಕ್ಕೆಂದಳು, ನಂದೂ ಒಂದು ಓಟು ಇರ್ಲಿ ಅಂತ ತಾನೂ ಎತ್ತುತ್ತಿದ್ದಾಳೆ, ಕುರ್ಚಿಯ ಕೈ ಬಿಟ್ಟಿತು, ಎದೆ ದಾಟಿತು, ಗದ್ದದ ಹತ್ತಿರ ಬಂತು, ಹಿಡಿಯೋಣವಾ, ಬೇಡ, ಹಿಡಿಯಬೇಡ, ನಡುಗುತ್ತಿದೆ, ಬೀಳುತ್ತಿಲ್ಲ, ಅಲ್ಲೇ ಇರು, ಅಲ್ಲೇ ಇರು ನನ್ನಪ್ಪ, ಆ ಬೆರಳು, ಗದ್ದದ ಹತ್ತಿರ, ಆ ಬೆರಳು